ಥಂಡರ್‌ಬರ್ಡ್‌ನಲ್ಲಿ ಫೀಡ್ ಓದು: ದೀರ್ಘಕಾಲದ ಬಳಕೆಯ ನಂತರದ ಅಭಿಪ್ರಾಯ

ಥಂಡರ್‌ಬರ್ಡ್ ಎಂದರೆ ಬಹುತೇಕರಿಗೆ ಇಮೇಲ್ ತಂತ್ರಾಂಶ. ಸುದ್ದಿತಾಣಗಳ ಮತ್ತು ಬ್ಲಾಗುಗಳ ಫೀಡ್ ಓದುವ ಸೌಲಭ್ಯವೂ ಅದರೊಳಗೆ ಇದೆ ಎಂಬುದು ಅದನ್ನು ವರ್ಷಗಟ್ಟಲೆ ಬಳಸಿದವರಲ್ಲೂ ಹಲವರಿಗೆ ತಿಳಿದಿರುವುದಿಲ್ಲ. 2004ರ ಡಿಸೆಂಬರ್‌ನಲ್ಲಿ ಹೊರಬಂದ 1.0 ಆವೃತ್ತಿಯಿಂದಲೇ ಅದು ಅಲ್ಲಿದೆ. ಫೀಡ್ ಓದುವ ತಾಣವಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ನನ್ನ ಚಂದಾ ಪಟ್ಟಿಯನ್ನು, ಅಂದರೆ ನಾನು ಹಿಂಬಾಲಿಸುವ ಫೀಡ್‌ಗಳ ಪಟ್ಟಿಯನ್ನು, ನಾನು ಇಲ್ಲಿಗೆ ತಂದುಕೊಂಡೆ. ಅಂದಿನಿಂದ ಕಂಪ್ಯೂಟರ್, ಮಾಧ್ಯಮ, ರಾಜಕೀಯ ಎಂಬ ಮೂರು ವಿಷಯಗಳ ನನ್ನ ದಿನನಿತ್ಯದ ಓದು ಬಹುಪಾಲು ಇದರಲ್ಲಿಯೇ ನಡೆದಿದೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಫೀಡ್ ಓದುವ ತಂತ್ರಾಂಶವಾಗಿ ಇದು ಸಾಧಾರಣವಾದದ್ದು. ಇದಕ್ಕಿಂತ ಚೆಲುವಾದವು, ಚುರುಕಾದವು ಬೇಕಾದಷ್ಟಿವೆ. ಆದರೆ ಯಾವ ಸುದ್ದಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬ ಅಧಿಕಾರವನ್ನು ಓದುವವನ ಕೈಯಲ್ಲಿಯೇ ಬಿಡುವ ಏರ್ಪಾಡಾಗಿ ಇದನ್ನು ಬಿಟ್ಟುಕೊಡಲು ನನಗೆ ಈವರೆಗೆ ಮನಸ್ಸು ಬಂದಿಲ್ಲ.

ಫೀಡ್ ಬಳಸದವರಿಗಾಗಿ ಎರಡು ಮಾತು. ಜಾಲತಾಣವೊಂದು ತನ್ನ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ, ಸಾರಾಂಶ, ಕೆಲವೊಮ್ಮೆ ಇಡೀ ಬರಹ, ಇವನ್ನೆಲ್ಲ ಯಂತ್ರಗಳು ಓದಬಲ್ಲಂತೆ ಬರೆದಿಡುವ ಸರಳ ಎಕ್ಸ್‌ಎಂಎಲ್ ಕಡತವೇ ಫೀಡ್. ಓದುವ ತಂತ್ರಾಂಶವು ಆಗಾಗ ಆ ಕಡತವನ್ನು ವಿಚಾರಿಸುತ್ತದೆ. ಹೊಸದೇನೂ ಇಲ್ಲದಿದ್ದರೆ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಕಳಿಸಿ ಸುಮ್ಮನಾಗಬಹುದು. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ, ಫೀಡ್ ಬರೆಯುವ ಆರ್‌ಎಸ್‌ಎಸ್ ಎಂಬ ಮಾದರಿಯು ತಂತ್ರಾಂಶ ತಯಾರಕ ಡೇವ್ ವೈನರ್ ಅವರ ಕೈಯಲ್ಲಿ ಬೆಳೆದು 2002ರಲ್ಲಿ 2.0 ಆವೃತ್ತಿಗೆ ಬಂದು ನಿಂತಿತು. 2005ರಲ್ಲಿ ಆಟಮ್ ಎಂಬ ಮತ್ತೊಂದು ಮಾದರಿ ಆರ್‌ಎಫ್‌ಸಿ 4287 ಎಂಬ ಅಂತರಜಾಲ ಮಾನಕವಾಗಿ ಪ್ರಕಟವಾಯಿತು. ಆಮೇಲೆ ಮೂಲ ರಚನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಿಲ್ಲ. ಪಾಡ್‌ಕಾಸ್ಟ್‌ಗಳ ವ್ಯವಸ್ಥೆ ಇಂದಿಗೂ ಬಹುಮಟ್ಟಿಗೆ ಇದೇ ಹಳೆಯ ಮಾದರಿಯ ಮೇಲೆ ನಿಂತಿದೆ ಎಂಬುದನ್ನು ಕಂಡಾಗ, ತಂತ್ರಜ್ಞಾನ ಬೆಳೆಯದೆ ಉಳಿಯುವುದೂ ಒಂದು ಗುಣವೇ ಎಂದು ನನಗೆ ಅನ್ನಿಸುತ್ತದೆ.

ಥಂಡರ್‌ಬರ್ಡ್ ಪ್ರತಿ ಬರಹವನ್ನೂ ಒಂದು ಇಮೇಲ್‌ನಂತೆಯೇ ನಡೆಸಿಕೊಳ್ಳುತ್ತದೆ. ಓದದೆ ಉಳಿದದ್ದು ದಪ್ಪಕ್ಷರದಲ್ಲಿರುತ್ತದೆ, ಓದಿದ್ದು ತೆಳುವಾಗುತ್ತದೆ; ಬೇಕಾದುದಕ್ಕೆ ನಕ್ಷತ್ರ ಹಾಕಬಹುದು, ಬೇಡವಾದುದನ್ನು ಅಳಿಸಬಹುದು. ಇಮೇಲ್‌ಗೆಂದು ಮಾಡಿದ ಫಿಲ್ಟರ್, ಟ್ಯಾಗ್, ಹುಡುಕಾಟಗಳೆಲ್ಲ ಇಲ್ಲಿಯೂ ನಡೆಯುತ್ತವೆ ಎಂಬುದು ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಬಲ. ಬಿಡುಗಡೆಯಾಗದ ಫೋನುಗಳ ಬಗೆಗಿನ ವದಂತಿಗಳು ನನ್ನ ಕಣ್ಣಿಗೆ ಬೀಳುವ ಮೊದಲೇ ಓದಿದ್ದೆಂದು ಗುರುತು ಹಾಕಿಸಿಕೊಂಡು ಮರೆಯಾಗುತ್ತವೆ. ಅದಕ್ಕಾಗಿ ಶೀರ್ಷಿಕೆಯಲ್ಲಿ ಬರುವ ನಾಲ್ಕಾರು ಪದಗಳನ್ನು ಫಿಲ್ಟರ್‌ಗೆ ಕೊಟ್ಟರೆ ಸಾಕು. ಮಸೂದೆಯೊಂದರ ಹೆಸರನ್ನು ಹುಡುಕಿ ಆ ಹುಡುಕಾಟವನ್ನೇ ಫೋಲ್ಡರ್ ಆಗಿ ಉಳಿಸಿಟ್ಟರೆ, ಬೇರೆ ಬೇರೆ ಪತ್ರಿಕೆಗಳು ಆ ಬಗ್ಗೆ ತಿಂಗಳುಗಟ್ಟಲೆ ಬರೆದದ್ದು ಒಂದೇ ಕಡೆ, ದಿನಾಂಕದ ಕ್ರಮದಲ್ಲಿ ಕೂಡಿಬರುತ್ತದೆ. ಇದನ್ನು ನಾನು ಮತ್ತಾವ ಸೌಲಭ್ಯಕ್ಕಿಂತಲೂ ಹೆಚ್ಚಾಗಿ ಬಳಸಿದ್ದೇನೆ. ಫೀಡ್‌ನಲ್ಲಿ ಬಂದದ್ದು ನಮ್ಮ ಯಂತ್ರದಲ್ಲಿಯೇ ಉಳಿಯುವುದರಿಂದ, ಸಂಪರ್ಕ ಇಲ್ಲದಾಗಲೂ ಓದು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಪಟ್ಟಿಗೆ ಕೊನೆ ಎಂಬುದಿದೆ. ಬಂದಿದ್ದನ್ನು ಓದಿ ಮುಗಿಸಿದರೆ ಮುಗಿಯಿತು. ಕೆಳಗೆ ಎಳೆದಷ್ಟೂ ಹೊಸದನ್ನು ತಂದು ಸುರಿಯುವ ಯಂತ್ರ ಹಿಂದೆ ಕೂತಿರುವುದಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಇದಕ್ಕೆ ವಿರುದ್ಧವಾದ ವ್ಯವಸ್ಥೆ ಹೇಗೆ ಬೆಳೆಯಿತು ಎಂಬುದನ್ನು ಈ ತಲೆಮಾರಿನ ಬಳಕೆದಾರರೆಲ್ಲ ಕಂಡಿದ್ದಾರೆ. ಫೇಸ್‌ಬುಕ್ 2006ರಲ್ಲಿ, ಸ್ನೇಹಿತರ ಚಟುವಟಿಕೆಗಳನ್ನು ಒಂದೇ ಪಟ್ಟಿಯಲ್ಲಿ ಸುರಿಯುವ ನ್ಯೂಸ್ ಫೀಡ್ ತಂದಿತು. ಟ್ವಿಟರ್ 2016ರಲ್ಲಿ, ಬರಹಗಳು ಬಂದ ಹೊತ್ತಿನ ಕ್ರಮವನ್ನು ಬಿಟ್ಟು ತನ್ನ ಲೆಕ್ಕಾಚಾರದ ಆಯ್ಕೆಗಳನ್ನು ಮೇಲಕ್ಕೆ ತರತೊಡಗಿತು. ನಾನು ಯಾರನ್ನು ಓದಬೇಕೆಂದು ಆರಿಸಿಕೊಂಡರೂ, ಅವರಲ್ಲಿ ಯಾರ ಮಾತು ನನ್ನನ್ನು ತಲುಪಬೇಕೆಂಬುದನ್ನು ಬೇರೊಬ್ಬರು ನಿರ್ಧರಿಸುವ ಸ್ಥಿತಿ ಅದು. ಇದು ಬರೀ ಅನುಕೂಲದ ಪ್ರಶ್ನೆಯಾಗಿದ್ದರೆ ಶಾಸಕಾಂಗಗಳು ಇದರಲ್ಲಿ ತಲೆಹಾಕುತ್ತಿರಲಿಲ್ಲ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸರ್ವೀಸಸ್ ಆ್ಯಕ್ಟ್, ಒಕ್ಕೂಟದೊಳಗೆ ತಿಂಗಳಿಗೆ 4.5 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಸಕ್ರಿಯ ಬಳಕೆದಾರರನ್ನು ಹೊಂದಿರುವ ಬೃಹತ್ ವೇದಿಕೆಗಳು, ಬರಹಗಳನ್ನು ಆರಿಸಿ ತೋರಿಸುವ ವಿಧಾನದಲ್ಲಿ ಬಳಕೆದಾರರ ನಡವಳಿಕೆಯ ಚಿತ್ರಣವನ್ನು ಆಧರಿಸದ ಕನಿಷ್ಠ ಒಂದು ಆಯ್ಕೆಯನ್ನಾದರೂ ಕೊಡಬೇಕೆಂದು ತನ್ನ 38ನೇ ವಿಧಿಯಲ್ಲಿ ವಿಧಿಸಿದೆ. ಕಾನೂನು ಮಾಡಿ ಪಡೆಯಬೇಕಾಗಿ ಬಂದ ಈ ಆಯ್ಕೆ ಫೀಡ್‌ಗೆ ಹುಟ್ಟಿನಿಂದಲೇ ಬಂದದ್ದು.

ಇನ್ನೊಂದು ನಿದರ್ಶನ ಕೆನಡಾದ್ದು. ಸುದ್ದಿಸಂಸ್ಥೆಗಳಿಗೆ ದೊಡ್ಡ ವೇದಿಕೆಗಳು ಹಣ ಕೊಡಬೇಕೆಂಬ ಕಾಯ್ದೆಗೆ ಪ್ರತಿಯಾಗಿ ಮೆಟಾ ಸಂಸ್ಥೆಯು 2023ರ ಆಗಸ್ಟ್‌ನಿಂದ ಅಲ್ಲಿನ ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿಗಳನ್ನೇ ತಡೆಹಿಡಿಯಿತು. ಕಾಯ್ದೆ ಸರಿಯೇ, ಸಂಸ್ಥೆಯ ನಿಲುವು ಸರಿಯೇ ಎಂಬ ಜಗಳದಲ್ಲಿ ನಾನು ಇಲ್ಲಿ ಇಳಿಯುವುದಿಲ್ಲ. ಎರಡೂ ಕಡೆ ಸ್ವಾರ್ಥವಿದ್ದೇ ಇದೆ. ಪತ್ರಿಕೆಗೂ ಓದುಗನಿಗೂ ನಡುವೆ ಮೂರನೆಯವನೊಬ್ಬ ಬಾಗಿಲು ಹಿಡಿದು ನಿಂತಿದ್ದರೆ, ಅವನು ಅದನ್ನು ಎಂದಾದರೂ ಮುಚ್ಚಬಲ್ಲ ಎಂಬುದಷ್ಟೇ ನನ್ನ ವಿಮರ್ಶೆಗೆ ಬೇಕಾದ ಅಂಶ. ಪತ್ರಿಕೆಯ ಸರ್ವರ್‌ನಿಂದ ನೇರವಾಗಿ ನನ್ನ ಯಂತ್ರಕ್ಕೆ ಬರುವ ಫೀಡ್‌ಗೆ ಅಂಥ ಬಾಗಿಲು ಇಲ್ಲ.

ಕಂಪ್ಯೂಟರ್ ವಿಷಯದ ಓದಿನಲ್ಲಿ ಫೀಡ್‌ನ ಉಪಯೋಗ ಎದ್ದು ಕಾಣುವುದು ಮೂಲ ಪ್ರಕಟಣೆಗಳನ್ನು ಹಿಂಬಾಲಿಸುವಾಗ. ತಂತ್ರಾಂಶಗಳ ಮೂಲ ಸಂಕೇತವನ್ನು ಇಡುವ ಗಿಟ್‌ಹಬ್ ತಾಣದ ಪ್ರತಿ ಯೋಜನೆಯ ಹೊಸ ಆವೃತ್ತಿಗಳಿಗೂ, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಬಿಡುಗಡೆಗಳಿಗೂ, ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಭದ್ರತಾ ಸೂಚನೆಗಳಿಗೂ ಫೀಡ್ ಇದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ, ಸೇರಿಸಿದ್ದಾರೆಂಬ ಸಂಗತಿ ಬಯಲಾದಾಗ ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾಯಿತು. ದೂರದ ಕಂಪ್ಯೂಟರ್‌ಗೆ ಸಂಪರ್ಕಿಸುವ ಎಸ್‌ಎಸ್‌ಎಚ್‌ನ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದ ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್ ಬರೆದ ಮೂಲ ಟಿಪ್ಪಣಿ, ಬಾಧಿತ ಆವೃತ್ತಿಗಳು 5.6.0 ಮತ್ತು 5.6.1 ಎಂಬ ವಿವರ, ಡೆಬಿಯನ್‌ನ ಸ್ಥಿರ ಆವೃತ್ತಿಗಳಿಗೆ ತೊಂದರೆಯಾದಂತೆ ತಿಳಿದುಬಂದಿಲ್ಲ ಎಂಬ ಸೂಚನೆ, ಇವಿಷ್ಟನ್ನು ಓದಿದವನಿಗೆ ತಾನು ಮಾಡಬೇಕಾದದ್ದೇನು ಎಂಬುದು ತಿಳಿಯುತ್ತಿತ್ತು. ಇಂಟರ್ನೆಟ್ಟೇ ಮುಳುಗುತ್ತಿತ್ತು ಎಂಬ ಧಾಟಿಯ ವಿಶ್ಲೇಷಣೆಗಳು ಆಮೇಲೆ ಬೇಕಾದಷ್ಟು ಬಂದವು. ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿದ್ದವು. ಆದರೆ ಮೂಲವನ್ನು ಮೊದಲು ಓದಿದ್ದರಿಂದಲೇ ಯಾವುದು ಚೆನ್ನಾಗಿದೆ ಎಂದು ಅಳೆಯಲು ಸಾಧ್ಯವಾಯಿತು.

ಮಾಧ್ಯಮದ ವಿಷಯಕ್ಕೆ ಬಂದರೆ, ಫೀಡ್ ಕಲಿಸುವ ಪಾಠ ಸ್ವಲ್ಪ ಅನಿರೀಕ್ಷಿತವಾದದ್ದು. ಸುದ್ದಿ ಪ್ರಕಟವಾದಾಗ ಫೀಡ್‌ನಲ್ಲಿ ಬಂದ ಶೀರ್ಷಿಕೆ ನನ್ನ ಯಂತ್ರದಲ್ಲಿ ಹಾಗೆಯೇ ಉಳಿದಿರುತ್ತದೆ, ಆದರೆ ಕೊಂಡಿಯನ್ನು ಒತ್ತಿ ಪುಟಕ್ಕೆ ಹೋದರೆ ಅಲ್ಲಿ ಬೇರೆ ಶೀರ್ಷಿಕೆ ಇರುತ್ತದೆ. ಮೊದಮೊದಲು ಇದನ್ನು ತಾಂತ್ರಿಕ ದೋಷವೆಂದು ಭಾವಿಸುವುದು ಸಹಜ. ಕೆಲವು ಕಾಲ ಗಮನಿಸಿದರೆ ಅದರಲ್ಲೊಂದು ಕ್ರಮ ಕಾಣುತ್ತದೆ. ಅಪಘಾತದಲ್ಲಿ ಸತ್ತವರ ಸಂಖ್ಯೆ ತಿದ್ದಿಕೊಳ್ಳುವುದು, ಹೆಸರಿನ ಕಾಗುಣಿತ ಸರಿಪಡಿಸುವುದು ಇವೆಲ್ಲ ಒಳ್ಳೆಯ ಪತ್ರಿಕಾ ಧರ್ಮವೇ. ಯಾವ ಶೀರ್ಷಿಕೆಗೆ ಹೆಚ್ಚು ಜನ ಒತ್ತುತ್ತಾರೆಂದು ಪರೀಕ್ಷಿಸಲು ಮಾಡುವ ಬದಲಾವಣೆಗಳೂ ಇವೆ. ಅವು ವ್ಯಾಪಾರ, ಅದನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಮೂರನೆಯ ಬಗೆ. ಪ್ರತಿಭಟನೆಯೊಂದರ ವರದಿಯಲ್ಲಿ ‘ಪೊಲೀಸರು ಗುಂಡು ಹಾರಿಸಿದರು’ ಎಂಬ ಅರ್ಥದ ಶೀರ್ಷಿಕೆ ಸಂಜೆಯ ಹೊತ್ತಿಗೆ ‘ಘರ್ಷಣೆಯಲ್ಲಿ ಗುಂಡು ಹಾರಿತು’ ಎಂಬಂತಾಗಿ ಕರ್ತೃವೇ ಇಲ್ಲದಾಗುವುದು, ಅಥವಾ ಒಬ್ಬ ನಾಯಕನ ಹೇಳಿಕೆಯ ಸುತ್ತ ಇದ್ದ ಉದ್ಧರಣ ಚಿಹ್ನೆ ಬಿದ್ದುಹೋಗಿ ಅದು ಪತ್ರಿಕೆಯದೇ ಮಾತಿನಂತೆ ನಿಲ್ಲುವುದು, ಇಂಥವು ತಿದ್ದುಪಡಿಯ ಟಿಪ್ಪಣಿಯಿಲ್ಲದೆ ನಡೆದುಹೋಗುತ್ತವೆ. ಮುದ್ರಿತ ಪತ್ರಿಕೆಯಲ್ಲಿ ಇದು ಸಾಧ್ಯವಿರಲಿಲ್ಲ. ಬೆಳಿಗ್ಗೆ ಅಚ್ಚಾದದ್ದು ರದ್ದಿಯವನ ಕೈ ಸೇರುವವರೆಗೂ ಹಾಗೆಯೇ ಇರುತ್ತಿತ್ತು. ಒಂದು ಪಕ್ಷಕ್ಕೆ ಸೇರಿದ ಪತ್ರಿಕೆಗಳು ಮಾತ್ರ ಹೀಗೆ ಮಾಡುತ್ತವೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಾನು ಮೆಚ್ಚಿ ಓದುವ ತಾಣಗಳಲ್ಲೂ ಇದನ್ನು ಕಂಡಿದ್ದೇನೆ, ಮತ್ತು ಬದಲಾವಣೆಯನ್ನು ಕೆಳಗೊಂದು ಸಾಲಿನಲ್ಲಿ ಒಪ್ಪಿಕೊಳ್ಳುವ ಪತ್ರಿಕೆಗಳ ಮೇಲಿನ ನನ್ನ ಗೌರವ ಈ ಓದಿನಿಂದಾಗಿ ಹೆಚ್ಚಿದೆ.

ರಾಜಕೀಯದ ಓದಿಗೆ ಸಂಬಂಧಿಸಿದಂತೆ ಹೇಳುವುದು ಕಡಿಮೆ. ಬ್ರಿಟನ್ ಸಂಸತ್ತಿನ ಮಸೂದೆಗಳಿಗೆ, ಅಮೆರಿಕ ಸರ್ಕಾರದ ನಿಯಮಗಳು ಪ್ರಕಟವಾಗುವ ಫೆಡರಲ್ ರಿಜಿಸ್ಟರ್‌ಗೆ, ಇನ್ನೂ ಹಲವು ಸರ್ಕಾರಿ ಇಲಾಖೆಗಳ ಪ್ರಕಟಣೆಗಳಿಗೆ ಫೀಡ್‌ಗಳಿವೆ. ಮಂತ್ರಿಯ ಭಾಷಣದ ವರದಿಗೂ ಅದೇ ದಿನ ಪ್ರಕಟವಾದ ನಿಯಮಾವಳಿಯ ಕರಡಿಗೂ ಇರುವ ದೂರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಆದರೆ ಈ ದಾಖಲೆಗಳು ನೀರಸವಾಗಿರುತ್ತವೆ, ದಿನವೂ ರಾಶಿರಾಶಿಯಾಗಿ ಬರುತ್ತವೆ. ಎಲ್ಲವನ್ನೂ ಓದುತ್ತೇನೆಂದು ಹೊರಟವನು ವಾರದೊಳಗೆ ಕೈಬಿಡುತ್ತಾನೆ. ಫಿಲ್ಟರ್ ಇಲ್ಲದೆ ಅವುಗಳ ಹತ್ತಿರ ಹೋಗಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಲೆಕ್ಕಾಚಾರದ ಯಂತ್ರವನ್ನು ಹೊರಗಿಟ್ಟ ಮಾತ್ರಕ್ಕೆ ಓದು ವಿಶಾಲವಾಗುತ್ತದೆ ಎಂಬ ನಂಬಿಕೆ ಫೀಡ್ ಪ್ರೇಮಿಗಳಲ್ಲಿ ವ್ಯಾಪಕವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ನನಗೆ ಹಿತವಾದವರನ್ನು ಮಾತ್ರ ಪಟ್ಟಿಗೆ ಸೇರಿಸಿಕೊಂಡರೆ, ಯಾವ ಕಂಪನಿಯೂ ಕಟ್ಟಿಕೊಡಲಾಗದಷ್ಟು ಗಟ್ಟಿಯಾದ ಗೋಡೆಯನ್ನು ನಾನೇ ನನ್ನ ಸುತ್ತ ಕಟ್ಟಿಕೊಂಡಂತೆ. ಸಾಮಾಜಿಕ ಜಾಲತಾಣದಲ್ಲಿ ಜಗಳದ ರೂಪದಲ್ಲಾದರೂ ಎದುರಾಳಿಯ ಮಾತು ಕಿವಿಗೆ ಬೀಳುತ್ತದೆ. ಫೀಡ್‌ನಲ್ಲಿ ಅದೂ ಇಲ್ಲ. ಆದ್ದರಿಂದ ನನ್ನ ರಾಜಕೀಯದ ಫೋಲ್ಡರ್‌ನಲ್ಲಿ, ನಾನು ಒಪ್ಪದಿದ್ದರೂ ವಾದವನ್ನು ಪ್ರಾಮಾಣಿಕವಾಗಿ ಮಂಡಿಸುವ ಕೆಲವರನ್ನು ಹಟ ಹಿಡಿದು ಉಳಿಸಿಕೊಂಡಿದ್ದೇನೆ. ಅವರನ್ನು ಓದುವಾಗ ಕಿರಿಕಿರಿಯಾಗುತ್ತದೆ, ಆಗಲಿ.

ಇನ್ನು ಕೊರತೆಗಳು. ಮೊದಲನೆಯದು ಫೀಡ್‌ಗಳದೇ ಕೊರತೆ. ಹಲವು ಸುದ್ದಿತಾಣಗಳು ಫೀಡ್‌ನಲ್ಲಿ ಒಂದೇ ಸಾಲಿನ ಸಾರಾಂಶ ಕೊಟ್ಟು ಉಳಿದುದಕ್ಕೆ ತಮ್ಮ ಪುಟಕ್ಕೇ ಬರಬೇಕೆನ್ನುತ್ತವೆ. ಜಾಹೀರಾತಿನಿಂದ ಬದುಕುವವರನ್ನು ಇದಕ್ಕಾಗಿ ದೂರಲಾರೆ. ಆದರೆ ತಾಣದ ವಿನ್ಯಾಸ ಬದಲಿಸುವಾಗ ಫೀಡ್‌ನ ವಿಳಾಸವನ್ನು ಹೇಳದೆ ಕೇಳದೆ ಅಳಿಸಿಬಿಡುವುದು, ರೋಬಾಟ್‌ಗಳನ್ನು ತಡೆಯುವ ವ್ಯವಸ್ಥೆಯನ್ನು ಫೀಡ್‌ನ ಮುಂದೆಯೂ ತಂದು ನಿಲ್ಲಿಸುವುದು, ಇವು ಉದಾಸೀನದ ಲಕ್ಷಣಗಳು. ಯಂತ್ರಗಳು ಓದಲೆಂದೇ ಇರುವ ಕಡತದ ಮುಂದೆ ನೀನು ಮನುಷ್ಯನೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬ್ರೌಸರ್‌ಗಳೂ ಕೈಬಿಟ್ಟಿವೆ. ಫೈರ್‌ಫಾಕ್ಸ್ 2018ರ ಡಿಸೆಂಬರ್‌ನ 64ನೇ ಆವೃತ್ತಿಯಲ್ಲಿ ತನ್ನ ಫೀಡ್ ಸೌಲಭ್ಯವನ್ನು ತೆಗೆದುಹಾಕಿದ ಮೇಲೆ, ತಾಣವೊಂದಕ್ಕೆ ಫೀಡ್ ಇದೆಯೇ ಎಂಬುದನ್ನು ತಿಳಿಯಲು ಹೊಸಬರು ಪುಟದ ಮೂಲ ಸಂಕೇತವನ್ನು ತೆರೆದು ಹುಡುಕಬೇಕು ಅಥವಾ ಯಾವುದಾದರೂ ವಿಸ್ತರಣೆಯನ್ನು ಅಳವಡಿಸಿಕೊಳ್ಳಬೇಕು.

ಎರಡನೆಯದು ಥಂಡರ್‌ಬರ್ಡ್‌ನ ಕೊರತೆ. ಒಂದು ಕಂಪ್ಯೂಟರ್‌ನಲ್ಲಿ ಓದಿದ ಫೀಡ್ ಬರಹ ಇನ್ನೊಂದರಲ್ಲಿ ಓದಿದ್ದೆಂದು ತೋರುವುದಿಲ್ಲ. ಹೊಂದಾಣಿಕೆಯ ವ್ಯವಸ್ಥೆಯೇ ಇಲ್ಲ. ಕೆ-9 ಮೇಲ್ ಎಂಬ ಇಮೇಲ್ ಆ್ಯಪ್‌ನ ಆಧಾರದ ಮೇಲೆ 2024ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ ಆವೃತ್ತಿ ಇಮೇಲ್‌ಗಾಗಿ ಇರುವಂಥದ್ದು. ಹೀಗಾಗಿ ಫೋನ್‌ನಲ್ಲಿ ಓದುವವರಿಗೆ ಇದು ಆಗಿಬರುವುದಿಲ್ಲ. ಫೀಡ್‌ಗಳ ಸಂಖ್ಯೆ ಹೆಚ್ಚಾದಷ್ಟೂ ಚಂದಾ ನಿರ್ವಹಿಸುವ ಕಿಟಕಿ ಹಳೆಯ ಕಾಲದ್ದೆಂಬುದು ಗೊತ್ತಾಗುತ್ತದೆ. 2023ರ 115ನೇ ಆವೃತ್ತಿಯ ಹೊಸ ರೂಪ ಪಟ್ಟಿಯನ್ನು ನೋಡಲು ಹಿತವಾಗಿಸಿತು. ತಂತ್ರಾಂಶ ಮುಕ್ತವಾದುದು, ಉಚಿತವಾದುದು, ಬಳಕೆದಾರರ ದೇಣಿಗೆಯಿಂದ ನಡೆಯುವಂಥದ್ದು. 2012ರಲ್ಲಿ, ಇದನ್ನು ರೂಪಿಸಿದ ಮೊಝಿಲ್ಲಾ ಸಂಸ್ಥೆ ಇದರ ಅಭಿವೃದ್ಧಿಯಿಂದ ಬಹುಮಟ್ಟಿಗೆ ಹಿಂದೆ ಸರಿದಾಗ ಇದರ ಕಥೆ ಮುಗಿಯಿತೆಂದೇ ಹಲವರು ಅಂದುಕೊಂಡಿದ್ದರು. 2020ರಿಂದ ಎಂಝಡ್‌ಎಲ್‌ಎ ಎಂಬ ಪ್ರತ್ಯೇಕ ಅಂಗಸಂಸ್ಥೆಯ ಅಡಿಯಲ್ಲಿ ಅದು ಚೇತರಿಸಿಕೊಂಡಿದೆ.

ಮೇಜಿನ ಮುಂದೆ ಕುಳಿತು, ಒಂದೇ ಯಂತ್ರದಲ್ಲಿ, ದಿನಕ್ಕೊಂದೆರಡು ಬಾರಿ ಓದುವ ಅಭ್ಯಾಸವಿರುವವರಿಗೆ, ಅದರಲ್ಲೂ ಇಮೇಲ್‌ಗೆ ಈಗಾಗಲೇ ಥಂಡರ್‌ಬರ್ಡ್ ಬಳಸುತ್ತಿರುವವರಿಗೆ ನಾನು ಇದನ್ನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಫೋನ್ ಮತ್ತು ಕಂಪ್ಯೂಟರ್ ಎರಡರಲ್ಲೂ ಓದಬೇಕೆನ್ನುವವರು, ಆ್ಯಪಲ್ ಸಾಧನಗಳಿದ್ದರೆ ನೆಟ್‌ನ್ಯೂಸ್‌ವೈರ್ ಬಳಸಲಿ. ಸ್ವಂತ ಸರ್ವರ್ ನಡೆಸುವ ತಾಳ್ಮೆಯಿದ್ದರೆ ಫ್ರೆಶ್‌ಆರ್‌ಎಸ್‌ಎಸ್ ಅಥವಾ ಮಿನಿಫ್ಲಕ್ಸ್ ನೋಡಲಿ. ಯಾವುದನ್ನು ಆರಿಸಿದರೂ ಹತ್ತು ಹದಿನೈದು ಫೀಡ್‌ಗಳಿಂದ ಶುರು ಮಾಡಿ, ದಿನಕ್ಕೆ ನೂರಾರು ಸುದ್ದಿ ಹೊರಡಿಸುವ ದೊಡ್ಡ ತಾಣಗಳ ಮುಖ್ಯ ಫೀಡ್ ಬದಲು ಅವುಗಳ ವಿಭಾಗವಾರು ಫೀಡ್‌ಗಳನ್ನು ಮಾತ್ರ ಸೇರಿಸಿಕೊಳ್ಳುವುದು ಒಳ್ಳೆಯದು. ಚಂದಾ ಪಟ್ಟಿಯನ್ನು, ಫೀಡ್ ವಿಳಾಸಗಳನ್ನು ಬರೆದಿಡುವ ಓಪಿಎಂಎಲ್ ಎಂಬ ಮಾದರಿಯ ಕಡತವಾಗಿ ಆಗಾಗ ಹೊರತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ಮುಂದೆಂದಾದರೂ ಥಂಡರ್‌ಬರ್ಡ್ ಬೇಡವೆನಿಸಿದರೆ, ಬೇರೆ ಯಾವ ತಂತ್ರಾಂಶಕ್ಕೆ ಹೋದರೂ ಅದೇ ಕಡತ ಸಾಕಾಗುತ್ತದೆ.