ಫೋಮ್ ವಿಮಾನಕ್ಕೆ ಅಕ್ರಿಲಿಕ್ ಬಣ್ಣ: ಎರಡು ವರ್ಷ ಬಳಸಿದ ಮೇಲೆ

ನನ್ನ ಮೊದಲ ಆರ್‌ಸಿ (ರಿಮೋಟಿನಿಂದ ಹಾರಿಸುವ ಆಟದ) ವಿಮಾನಕ್ಕೆ ಹೊಡೆದದ್ದು ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಬಣ್ಣ. ಥರ್ಮಾಕೋಲ್ ರೆಕ್ಕೆ ಕಣ್ಣೆದುರೇ ಕರಗಿ ತೂತು ತೂತಾಯಿತು. ಅದರಲ್ಲಿರುವ ಥಿನ್ನರ್ ಥರ್ಮಾಕೋಲನ್ನು ತಿಂದುಬಿಡುತ್ತದೆ. ಇಪಿಒ ಅನ್ನುವ ಇನ್ನೊಂದು ಬಗೆಯ, ಗಟ್ಟಿ ಫೋಮ್ ಸ್ವಲ್ಪ ತಡೆಯುತ್ತದೆ, ಆದರೂ ನಾನು ಮತ್ತೆ ಆ ಕಡೆ ಹೋಗಲಿಲ್ಲ. ಅಲ್ಲಿಂದೀಚೆಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ. ಮೂರು ವಿಮಾನಕ್ಕೆ ಹಚ್ಚಿದ್ದೇನೆ.

ಹಚ್ಚುವ ಕೆಲಸ ನನಗೆ ಹಾರಿಸುವಷ್ಟೇ ಇಷ್ಟ. ರಾತ್ರಿ ಊಟ ಆದ ಮೇಲೆ ಹಳೇ ಪೇಪರ್ ಹಾಸಿ ಕೂರುತ್ತೇನೆ. ಫೋಮನ್ನು ಮೊದಲು ಸೋಪಿನ ನೀರಲ್ಲಿ ಒರೆಸಿ, 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಗೆರೆ ಹಾಕಲು ಮಾಸ್ಕಿಂಗ್ ಟೇಪ್ ಬೇಕು. ಅದನ್ನು ನೇರವಾಗಿ ಅಂಟಿಸಿದರೆ ಕೀಳುವಾಗ ಫೋಮಿನ ಚೂರೂ ಕಿತ್ತು ಬರುತ್ತದೆ. ಅದಕ್ಕೆ ಮೊದಲು ಪಂಚೆಗೆ ಎರಡು ಸಲ ಅಂಟಿಸಿ ಕೀಳುತ್ತೇನೆ, ಅಂಟು ಹದಕ್ಕೆ ಬರುತ್ತದೆ. ಆಮೇಲೆ ಸ್ಪಂಜಿನ ತುಂಡಲ್ಲಿ ಬಣ್ಣ ಅದ್ದಿ ಒತ್ತುತ್ತಾ ಹೋಗುವುದು. ಬ್ರಷ್ಷಿನ ಗೆರೆ ಬೀಳುವುದಿಲ್ಲ. ಬಣ್ಣ ಅರ್ಧ ಒಣಗಿದಾಗಲೇ ಟೇಪ್ ಮಡಚಿ ಮೆಲ್ಲಗೆ ಎಳೆಯಬೇಕು. ಅಂಚು ಬ್ಲೇಡಲ್ಲಿ ಕೊಯ್ದ ಹಾಗೆ ಬಂದಾಗ ಆಗುವ ಖುಷಿಯೇ ಬೇರೆ.

ಎರಡನೇ ವಿಮಾನಕ್ಕೆ ವಾಯುಪಡೆಯ ಕಸರತ್ತಿನ ತಂಡವಾದ ಬೀದರಿನ ಸೂರ್ಯಕಿರಣದ ಕೆಂಪು-ಬಿಳಿ ಹಚ್ಚಿದೆ. ಯಲಹಂಕದ ಏರೋ ಇಂಡಿಯಾದಲ್ಲಿ ಅವರ ಹಾಕ್ ವಿಮಾನಗಳನ್ನು ನೋಡಿದಾಗಿನಿಂದ ಇದ್ದ ಆಸೆ ಅದು. ಕೆಂಪು ಬಣ್ಣ ತೆಳು, ನಾಲ್ಕು ಕೋಟ್ ಬೇಕಾಯಿತು. ಅಡಿಗೆಮನೆ ತಕ್ಕಡಿಯಲ್ಲಿ 620 ಗ್ರಾಂ ಇದ್ದದ್ದು 646 ಆಯಿತು. ಬಾಲಕ್ಕೂ ಜಾಸ್ತಿ ಹಚ್ಚಿದ್ದರಿಂದ ಸಿಜಿ (ವಿಮಾನದ ತೂಕ ಸಮನಾಗಿ ನಿಲ್ಲುವ ಬಿಂದು) ಹಿಂದಕ್ಕೆ ಜರುಗಿತು. ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ ಸರಿಮಾಡಿದೆ.

ಇಲ್ಲಿವರೆಗೆ ಎಲ್ಲಾ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಒಂದು ಭಾನುವಾರ ರೆಕ್ಕೆ ಬಿಚ್ಚಿ, ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಕಾರಿನ ಹಿಂದಿನ ಸೀಟಲ್ಲಿಟ್ಟೆ. ಮೈದಾನದಲ್ಲಿ ಬಿಚ್ಚಿದರೆ ಪ್ಲಾಸ್ಟಿಕ್ ಜೊತೆ ಕೆಂಪು ಬಣ್ಣವೂ ಸಿಪ್ಪೆಯ ಹಾಗೆ ಎದ್ದು ಬಂತು! ಒಂದೊಂದು ಗುಳ್ಳೆಯ ಜಾಗದಲ್ಲೂ ಒಂದೊಂದು ಬಿಳಿ ಚುಕ್ಕೆ. ಹತ್ತು ರಾತ್ರಿಯ ಕೆಲಸ ಅದು. ಅಲ್ಲೇ ಸುಮ್ನೆ ಕೂತುಬಿಟ್ಟೆ. ಈ ಬಣ್ಣ ಒಣಗಿದಂತೆ ಕಂಡರೂ ಸೆಕೆಗೆ ಮತ್ತೆ ಮೆತ್ತಗಾಗಿ ಅಂಟುತ್ತದೆ. ಬಾಟಲಿಯ ಮೇಲೆ ಇದರ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಇವತ್ತಿಗೂ ಕೋಪ ಬರುವುದು ಅದಕ್ಕೇ.

ಬಣ್ಣವನ್ನೇ ಬದಲಿಸೋಣ ಅಂದರೆ ಹೊರದೇಶದ ಮಾಡೆಲ್ ಬಣ್ಣಗಳು ನನ್ನ ಜೇಬಿಗೆ ಆಗುವುದಿಲ್ಲ. ಈಗ ಬಣ್ಣದ ಮೇಲೆ ನೀರಿನ ಪಾಲಿಯುರೆಥೇನ್ ವಾರ್ನಿಷ್ ಎರಡು ತೆಳು ಕೋಟ್ ಹಚ್ಚಿ, ಒಂದು ವಾರ ಮುಟ್ಟದೆ ಬಿಡುತ್ತೇನೆ. ಮೇಲಿಂದ ಚಿಟಿಕೆ ಟಾಲ್ಕಂ ಪೌಡರ್ ಸವರಿ, ಹಳೇ ಹತ್ತಿ ಸೀರೆಯಲ್ಲಿ ಸುತ್ತುತ್ತೇನೆ. ಮೂರನೇ ವಿಮಾನ ಒಂದು ಪೂರ್ತಿ ಬೇಸಿಗೆ ದಾಟಿದೆ, ಒಂದು ಚೂರೂ ಎದ್ದಿಲ್ಲ. ಬಣ್ಣ, ವಾರ್ನಿಷ್ ಎಲ್ಲಾ ಸೇರಿ ಒಂದು ವಿಮಾನಕ್ಕೆ 500 ರೂಪಾಯಿ ಒಳಗೇ ಮುಗಿಯುತ್ತದೆ. ಹಾಗಾಗಿ ಇದೇ ಬಣ್ಣದಲ್ಲಿ ಉಳಿದಿದ್ದೇನೆ.

ನೀವೂ ಹಚ್ಚುವುದಾದರೆ ರೆಕ್ಕೆಯ ಅಡಿಗೆ ಅಗಲವಾದ ಗಾಢ ಪಟ್ಟೆ ಹಾಕಿ. ಮೋಡದ ದಿನ ದೂರ ಹೋದಾಗ ಯಾವುದು ಮೇಲು, ಯಾವುದು ಕೆಳಗು ಅಂತ ಗೊತ್ತಾಗುವುದು ಅದರಿಂದಲೇ. ಆದರೆ ಮೇಲ್ಭಾಗಕ್ಕೆ ಪೂರ್ತಿ ಕಪ್ಪು ಬೇಡ, ನಮ್ಮ ಬಿಸಿಲಿಗೆ ಕಾದು ಫೋಮ್ ಸೊಟ್ಟಗಾಗುತ್ತದೆ.