ಗೌಂಡಿ, ಎಂಜಿನಿಯರ್, ಮೀಟರು: ಕಟ್ಟಿದ ಮನೆ ಕೊಳ್ಳುವ ಮುನ್ನ ಯಾರಿಗೆ ತೋರಿಸಬೇಕು?

ಕಟ್ಟಿದ ಮನೆ ಕೊಳ್ಳುವಾಗ ನಮ್ಮ ಕಡೆಯವರು ಉತಾರ, ಇ-ಖಾತಾ, ಋಣಭಾರ ಪತ್ರ ಎಲ್ಲವನ್ನೂ ವಕೀಲರ ಮುಂದೆ ಹರವುತ್ತಾರೆ. ಮನೆಯನ್ನು ಮಾತ್ರ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಬಣ್ಣ ನೋಡಿ ಒಪ್ಪಿಬಿಡುತ್ತಾರೆ. ಸಂಚಕಾರ (ಮುಂಗಡ) ಕೊಟ್ಟ ಮೇಲೆ ಕಂಡ ಬಿರುಕಿಗೆ ಯಾರೂ ದರ ಇಳಿಸುವುದಿಲ್ಲ. ನೋಡುವುದಿದ್ದರೆ ಅದಕ್ಕೂ ಮೊದಲೇ ನೋಡಬೇಕು.

ನೋಡಿಸಲು ಮೂರು ದಾರಿಗಳಿವೆ. ನುರಿತ ಗೌಂಡಿಯನ್ನು ಅರ್ಧ ದಿನದ ಪಗಾರ ಕೊಟ್ಟು ಕರೆದೊಯ್ಯಬಹುದು. ಸಿವಿಲ್ ಎಂಜಿನಿಯರ್ ಕೈಯಲ್ಲಿ ಬರೆದ ವರದಿ ಪಡೆಯಬಹುದು. ಥರ್ಮಲ್ ಕ್ಯಾಮೆರಾ, ತೇವಾಂಶ ಮೀಟರ್ ಹಿಡಿದು ಬರುವ ತಪಾಸಣೆ ತಂಡವನ್ನು ಕರೆಸಬಹುದು. ಈ ಮೂವರನ್ನೂ ಎರಡು ಮನೆಗಳಿಗೆ ಬೇರೆಬೇರೆ ದಿನ ಕಳಿಸಿ, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳದಂತೆ ನೋಡಿಕೊಂಡೆವು. ಒಂದು ವಿಜಯಪುರದ ಯರಿ (ಕಪ್ಪು ಮಣ್ಣಿನ) ನೆಲದ ಮೇಲಿನ ಸ್ಲ್ಯಾಬ್ ಮನೆ, ಇನ್ನೊಂದು ಬೆಳಗಾವಿಯ ಶಹಾಪುರದ ಕಡೆಯ ಹಂಚಿನ ಮನೆ. ಮೂವರ ಪಟ್ಟಿಗಳು ಹೊಂದಿಕೊಂಡದ್ದು ಬಹಳ ಕಡಿಮೆ. ಯಾರ ಕಣ್ಣು ಎಲ್ಲಿಯವರೆಗೆ ಓಡುತ್ತದೆ ಎಂಬುದು ಅಲ್ಲಿಯೇ ಗೊತ್ತಾಯಿತು.

ಗೌಂಡಿ

ಗೌಂಡಿಯ ಬಲ ಕಿವಿ ಮತ್ತು ಬೆರಳು. ಕರಣೆಯ ಹಿಡಿಕೆಯಿಂದ ಗೋಡೆಯನ್ನು ಅಂಗೈ ಅಗಲಕ್ಕೊಮ್ಮೆ ತಟ್ಟುತ್ತ ಹೋಗುತ್ತಾನೆ. ಟಕ್ ಟಕ್ ಎಂಬ ಗಟ್ಟಿ ಸದ್ದು ಬಚ್ಚಲಿನ ಹಿಂದಿನ ಗೋಡೆಗೆ ಬಂದೊಡನೆ ಡಬ್ ಎಂದು ಬದಲಾಯಿತು. "ಸಾಹೇಬ್ರ, ಇಲ್ಲಿ ಗ್ವಾಡಿ ಟೊಳ್ಳ ಐತ್ರಿ" ಎಂದು ಉಗುರಿನಿಂದ ಬಣ್ಣ ಕೆರೆದ. ಒಳಗಿನ ಗಿಲಾವು ಹಿಟ್ಟಿನಂತೆ ಉದುರಿತು. ಹಿಟ್ಟಿನ ನಡುವೆ ಬಿಳಿ ಉಪ್ಪಿನ ಸೂಜಿಗಳು. ನಲ್ಲಿ ಪೈಪಿನ ಜೋಡಣೆಯಲ್ಲಿ ವರ್ಷಗಟ್ಟಲೆ ಒಸರಿದ ನೀರಿನ ಗುರುತು ಅದು. ಎಂಜಿನಿಯರ್ ಅದೇ ಗೋಡೆಯನ್ನು ಎರಡು ಸಲ ದಾಟಿ ಹೋಗಿದ್ದರು.

ಓಳಂಬ ಬಿಟ್ಟು ಗೋಡೆಯ ಓರೆ ಹೇಳುವುದು, ರಸಮಟ್ಟ ಇಟ್ಟು ಫರಸಿಯ ಇಳಿಜಾರು ಹೇಳುವುದು, ಮಾಳಿಗೆಯ ನೀರು ಕೊಳವೆಯ ಕಡೆ ಹರಿಯುತ್ತದೋ ಮೂಲೆಯಲ್ಲಿ ನಿಲ್ಲುತ್ತದೋ ಹೇಳುವುದು, ಇದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಸ ಗೋಡೆಗೆ ಭಾರತೀಯ ಮಾನಕ ಐಎಸ್ 1905 ಒಪ್ಪುವ ಓರೆ 3 ಮೀಟರ್ ಎತ್ತರಕ್ಕೆ 6 ಮಿ.ಮೀ. ಹಳೇ ಮನೆಯಲ್ಲಿ ಅದರ ಎರಡರಷ್ಟು ಕಂಡರೆ, ಓರೆ ಕಟ್ಟುವಾಗಲೇ ಆದದ್ದೋ ಆಮೇಲೆ ವಾಲಿದ್ದೋ ಎಂದು ಕೇಳಲೇಬೇಕು.

ಅವನು ಸೋಲುವುದು ಬಿರುಕಿನ ಕಾರಣ ಹೇಳುವಲ್ಲಿ. ವಿಜಯಪುರದ ಮನೆಯ ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಸೀಳಿಗೆ ಅವನ ಉತ್ತರ: "ಪುಟ್ಟಿ ಹಚ್ಚಿದ್ರ ಹೋಗ್ತೈತ್ರಿ." ಪುಟ್ಟಿ ಹಚ್ಚಿದರೆ ಕಣ್ಣಿನಿಂದ ಹೋಗುತ್ತದೆ, ಪಾಯದಿಂದಲ್ಲ. ಇನ್ನೊಂದು ಮಾತು: ದುರಸ್ತಿ ಕೆಲಸ ತನಗೇ ಬರುತ್ತದೆ ಎಂದು ಗೌಂಡಿಗೆ ಅನಿಸಿದರೆ ಪಟ್ಟಿ ಉದ್ದವಾಗುತ್ತದೆ. ಮಾರುವವರೋ ದಲಾಲರೋ ಕರೆತಂದವನಾದರೆ ಪಟ್ಟಿ ಮೊಟಕಾಗುತ್ತದೆ. ಪಗಾರ ನೀವೇ ಕೊಡಿ, ಕೆಲಸ ಅವನಿಗೆ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಎಂಜಿನಿಯರ್

ಯರಿ ನೆಲದ ಮೇಲಿನ ಮನೆಗೆ ಎಂಜಿನಿಯರ್ ಇಲ್ಲದೆ ಕೈ ಹಾಕಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಯರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆ ಮಣ್ಣಿನಲ್ಲೇ ನಿಂತಿದ್ದರೆ ಮನೆಯೂ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಮೂಲೆಯ ಓರೆ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಸಾಮಾನ್ಯವಾಗಿ ಮನೆಯ ಅಂಚು ಕುಸಿಯುತ್ತಿದೆ ಎಂದರ್ಥ. ಕೆಳಗೆ ಅಗಲವಿದ್ದರೆ ಅಂಚನ್ನು ಏನೋ ಮೇಲೆತ್ತುತ್ತಿದೆ. ಆ ಏನೋ ಬಹಳ ಸಲ ಗೋಡೆಗೆ ಅಂಟಿಕೊಂಡ ನೀರಿನ ಸಂಪು ಅಥವಾ ಶೌಚಾಲಯದ ಇಂಗುಗುಂಡಿ.

ವಿಜಯಪುರದ ಮನೆಯಲ್ಲಿ ಆದದ್ದೂ ಅದೇ. ಎಂಜಿನಿಯರ್ ಬಿರುಕಿನ ಕೆಳ ತುದಿಯನ್ನು ನೋಡಿದವರೇ ಹೊರಗೆ ಹೋಗಿ ಸಂಪಿನ ಮುಚ್ಚಳ ತೆಗೆಸಿದರು. ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಮೋಟಾರ್ ಬಂದ್ ಮಾಡಿ 24 ಗಂಟೆ ಬಿಡಲು ಹೇಳಿದರು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. 10 ಅಡಿ ಉದ್ದ 6 ಅಡಿ ಅಗಲದ ಸಂಪಿನಲ್ಲಿ ನೀರು 1 ಸೆಂ.ಮೀ. ಇಳಿದರೆ ಸುಮಾರು 56 ಲೀಟರ್ ಪಾಯದ ಪಕ್ಕದ ಯರಿಗೆ ಹೋಯಿತೆಂದು ಲೆಕ್ಕ, ಅದೂ ಒಂದೇ ದಿನದಲ್ಲಿ.

ಎಂಜಿನಿಯರ್ ಕೈಯಿಂದ ಈ ಕೆಳಗಿನವುಗಳನ್ನು ಕೇಳಿ ಮಾಡಿಸಿಕೊಳ್ಳಿ, ಕೇಳದಿದ್ದರೆ ಕೆಲವರು ಕಣ್ಣಳತೆಯಲ್ಲೇ ವರದಿ ಬರೆಯುತ್ತಾರೆ. ಮಾಲೀಕರ ಒಪ್ಪಿಗೆ ಪಡೆದು ಗೋಡೆಯ ಪಕ್ಕ 2 ಅಡಿ ಚೌಕದ ಗುಂಡಿಯನ್ನು 4-5 ಅಡಿ ಆಳ ತೋಡಿಸುವುದು: ಪಾಯ ಯರಿಯಲ್ಲೇ ನಿಂತಿದೆಯೋ ಕೆಳಗಿನ ಗಟ್ಟಿ ಗರಸು ಮುಟ್ಟಿದೆಯೋ ಕಣ್ಣಿಗೇ ಕಾಣುತ್ತದೆ. ಆ ಹೊತ್ತಿಗೇ ಗುಂಡಿ ಮುಚ್ಚಿ, ಮಣ್ಣು ಗುದ್ದಿಸಿ. ಮಳೆ ನೀರು ನಿಂತರೆ ನೀವೇ ಹೊಸ ರೋಗ ತಂದಂತೆ. ಆಮೇಲೆ ಕಾಲಂ. ಕಾಲಂನ ಮೂಲೆಗುಂಟ ನೇರ ಉದ್ದ ಬಿರುಕು ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ಸ್ವಲ್ಪ ಕಾಂಕ್ರೀಟು ಕೊಚ್ಚಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಂತ ಕಾಂಕ್ರೀಟು ಕಡುಗುಲಾಬಿಯಾಗುತ್ತದೆ, ಸತ್ವ ಹೋದದ್ದು ಬಣ್ಣ ಬದಲಿಸದೆ ಉಳಿಯುತ್ತದೆ. ಬಣ್ಣ ಬಾರದ ಪದರು ಕಂಬಿಯವರೆಗೆ ಬಂದಿದ್ದರೆ ತುಕ್ಕಿಗೆ ದಾರಿ ಬಿಟ್ಟಂತೆ. ಸುತ್ತಿಗೆಯಂಥ ಉಪಕರಣ ಹೊಡೆದು, ಅದು ಎಷ್ಟು ಪುಟಿಯುತ್ತದೆ ಎಂಬುದರಿಂದ ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆಯೂ ಇದೆ. ಗಿಲಾವು ತೆಗೆದ ಬರೀ ಕಾಂಕ್ರೀಟಿನ ಮೇಲೆ ಮಾತ್ರ ಹೊಡೆಯಬೇಕು. ಅದರಿಂದ ಅಂದಾಜಿಸಿದ ಬಲ ಶೇ 25ರಷ್ಟು ಆಚೀಚೆ ಆಗಬಹುದು, ಹಳೇ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗಿ ಇನ್ನೂ ಹೆಚ್ಚು ತೋರಿಸಬಹುದು. ಆ ಅಂಕಿಯೊಂದನ್ನೇ ನಂಬಿ ಮನೆ ಕೊಳ್ಳಬೇಡಿ.

ಮಾಳಿಗೆಯ ಮೇಲೆ ಕಾಲಂ ಕಂಬಿಗಳನ್ನು ಚಾಚಿ ಬಿಟ್ಟ ಮನೆಗಳು ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಊರುಗಳಲ್ಲಿ ಬೇಕಾದಷ್ಟಿವೆ. "ಇನ್ನೊಂದು ಮಹಡಿ ಏರಿಸಬಹುದು" ಎಂದು ತೋರಿಸಿ ದರ ಹೆಚ್ಚಿಸುತ್ತಾರೆ. ಕಂಬಿ ಉದ್ದ ಇದ್ದ ಮಾತ್ರಕ್ಕೆ ಪಾಯ ಆ ಭಾರ ತಾಳುತ್ತದೆ ಎಂದಲ್ಲ. ಪಾಯದ ನಕ್ಷೆ ಕೇಳಿ, ನಕ್ಷೆ ಇಲ್ಲದಿದ್ದರೆ ಒಂದೇ ಮಹಡಿಯ ಬೆಲೆ ಕೊಡಿ.

ಬಾಗಲಕೋಟೆಯ ಹಳೇ ಊರಿನ ಕಡೆ ಕೊಳ್ಳುವವರಿಗೆ ಎಂಜಿನಿಯರ್‌ನ ಎತ್ತರ ಅಳೆಯುವ ಲೆವೆಲ್ ಯಂತ್ರವೇ ಮುಖ್ಯ. ಆಲಮಟ್ಟಿ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ ಈಗ 519.60 ಮೀಟರ್; ಅದನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಮನೆ ಆ ಎರಡು ಮಟ್ಟಗಳ ನಡುವೆ ಬಂದು ಮುಳುಗಡೆಗೆ ಸಿಗುತ್ತದೆಯೇ ಎಂಬುದನ್ನು ಗೌಂಡಿಯ ಓಳಂಬವಾಗಲಿ ಕ್ಯಾಮೆರಾವಾಗಲಿ ಹೇಳಲಾರದು. ಇನ್ನು ಹಳೇ ಓಣಿಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇತ್ತೇ ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ. ಸರಿಯಾಗಿ ತುಂಬದೆ ಬರೀ ಫರಸಿ ಮುಚ್ಚಿದ ಹಗೇವು ಒಂದು ದಿನ ನೆಲ ಸಮೇತ ಕುಸಿಯುತ್ತದೆ. ಅಂಗಳದಲ್ಲಿ ಹಾರೆಯ ಹಿಡಿಕೆಯಿಂದ ಕುಟ್ಟಿದರೂ ಟೊಳ್ಳು ಸದ್ದು ತಿಳಿಯುತ್ತದೆ.

ಮೀಟರು ಮತ್ತು ಕ್ಯಾಮೆರಾ

ತಪಾಸಣೆ ತಂಡದ ವರದಿ ನೋಡಲು ಚೆಂದ, ಬಣ್ಣ ಬಣ್ಣದ ಚಿತ್ರಗಳು. ಅದರಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಕರೆಂಟಿನ ಭಾಗ. ಪ್ರತಿ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ಸುಮಾರು 230 ವೋಲ್ಟ್ ಬರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಬಚ್ಚಲಿನ ಗೀಸರ್‌ಗೆ ಅರ್ಥ್ ತಂತಿಯೇ ಇಲ್ಲದ್ದನ್ನು ಹಿಡಿದದ್ದು ಇವರು ಮಾತ್ರ. ಗೌಂಡಿ, ಎಂಜಿನಿಯರ್ ಇಬ್ಬರೂ ಆ ಕಡೆ ನೋಡಿರಲಿಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯೇ, ಅದರ ಪರೀಕ್ಷೆ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದೂ ನೋಡಿಸಿ. ಗುಂಡಿ ಒತ್ತುವಾಗ ಕರೆಂಟ್ ಇರಬೇಕು. ಅರ್ಥ್ ಗುಂಡಿ ಬೇಸಿಗೆಗೆ ಒಣಗಿದರೆ ಅದರ ಪ್ರತಿರೋಧ ಏರುತ್ತದೆ, ಆದ್ದರಿಂದ ಈ ಅಳತೆ ಏಪ್ರಿಲ್-ಮೇ ತಿಂಗಳಲ್ಲಿ ಆದರೆ ಇನ್ನೂ ಒಳ್ಳೆಯದು.

ತೇವಾಂಶ ಮೀಟರ್ ಮಾತ್ರ ನಮ್ಮ ಸೀಮೆಯಲ್ಲಿ ದಾರಿ ತಪ್ಪಿಸುತ್ತದೆ. ಎರಡು ಸೂಜಿಗಳ ನಡುವೆ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರ ಮೇಲೆ ಅದು ತೇವ ಹೇಳುತ್ತದೆ. ಗೋಡೆಯಲ್ಲಿ ಉಪ್ಪಿದ್ದರೂ ಹೆಚ್ಚು ಹರಿಯುತ್ತದೆ. ಸವಳು ನೀರಿನ ಬೋರ್‌ನಿಂದ ಕಟ್ಟಿದ ವಿಜಯಪುರದ ಮನೆಯಲ್ಲಿ ಒಣಗಿದ ಗೋಡೆಯನ್ನೂ ಅದು "ಹಸಿ" ಎಂದಿತು. ಹಾಗೆಂದು ಉಪ್ಪನ್ನು ಕಡೆಗಣಿಸುವಂತೆಯೂ ಇಲ್ಲ. ಕಂಬಿ ಇರುವ ಕಾಂಕ್ರೀಟು ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಐಎಸ್ 456 ಹೇಳುತ್ತದೆ. ಮನೆ ಕಟ್ಟಿದ್ದು ಯಾವ ನೀರಿನಿಂದ ಎಂದು ಕೇಳಿ. ಅದೇ ಬೋರ್ ಆದರೆ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಡಿ.

ಥರ್ಮಲ್ ಕ್ಯಾಮೆರಾ ಗೋಡೆಯ ಒಳಗನ್ನು ನೋಡುವುದಿಲ್ಲ, ಮೇಲ್ಮೈಯ ಬಿಸಿ-ತಂಪನ್ನಷ್ಟೇ ತೋರಿಸುತ್ತದೆ. ಮಟಮಟ ಮಧ್ಯಾಹ್ನ ಬಿಸಿಲು ಬಿದ್ದ ಗೋಡೆಯ ಚಿತ್ರ ತೆಗೆದರೆ ಬಿಸಿಲಿನ ಚಿತ್ರ ಬರುತ್ತದೆ, ಸೋರಿಕೆಯದಲ್ಲ. ಬೆಳಗಾವಿಯಲ್ಲಿ ಮಳೆ ನಿಂತ ಮರುದಿನ ಇದೇ ಕ್ಯಾಮೆರಾ ಒಳ್ಳೆಯ ಕೆಲಸ ಮಾಡಿತು: ಪಡುವಣ ಗೋಡೆಯ ಮೇಲೆ, ಕಿಟಕಿಯ ಸಜ್ಜೆಯ ಕೆಳಗೆ ತಂಪಾದ ನಾಲಿಗೆಯಂತಹ ಗುರುತು ಸ್ಪಷ್ಟವಾಗಿ ಕಂಡಿತು. ಬೀಸುವ ಮಳೆ ಹೊಡೆಯುವುದೂ ಆ ಗೋಡೆಗೇ. ಆದರೆ ಹಂಚಿನ ಕೆಳಗಿನ ರೀಪರ್ ಪಟ್ಟಿಗಳನ್ನು ಒರಲಿ (ಗೆದ್ದಲು) ತಿಂದದ್ದು ಕ್ಯಾಮೆರಾಕ್ಕೆ ಕಾಣಲಿಲ್ಲ. ಗೌಂಡಿ ಸ್ಕ್ರೂಡ್ರೈವರ್ ಒತ್ತಿದ, ಅರ್ಧ ಇಂಚು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಮೂವರೂ ತಾವಾಗಿ ಮಾಡದ ಒಂದು ಪರೀಕ್ಷೆಯನ್ನು ನೀವು ಹಠ ಹಿಡಿದು ಮಾಡಿಸಬೇಕು. ಬಚ್ಚಲು, ಶೌಚಾಲಯದ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಮರುದಿನ ಕೆಳಗಿನ ಕೋಣೆಯ ಸ್ಲ್ಯಾಬ್ ಮತ್ತು ಹೊರಗೋಡೆ ನೋಡಿ. ಮಾಳಿಗೆಗೂ ಇದನ್ನು ಮಾಡಬಹುದು, 48 ಗಂಟೆ. ಆದರೆ 600 ಚದರಡಿಗೆ ಒಂದು ಇಂಚು ನೀರೆಂದರೆ ಸುಮಾರು 1,400 ಲೀಟರ್, ಹತ್ತಿರ ಹತ್ತಿರ ಒಂದೂವರೆ ಟನ್ ಭಾರ. ಕಂಬಿ ಹೊರಗೆ ಕಾಣುವ, ನಡು ತಗ್ಗಿದ ಸ್ಲ್ಯಾಬ್ ಮೇಲೆ ಬೇಡ.

ಹಾಗಾದರೆ ಯಾರು?

ಯರಿ ನೆಲದ ಮೇಲೆ, ವಿಜಯಪುರವಿರಲಿ ಬಾಗಲಕೋಟೆಯಿರಲಿ, ಒಬ್ಬರಿಗೇ ದುಡ್ಡಿದ್ದರೆ ಎಂಜಿನಿಯರ್. ಸಾಧ್ಯವಾದರೆ ಮೇ ತಿಂಗಳಲ್ಲಿ ತೋರಿಸಿ, ಬಿರುಕು ಅತಿ ಅಗಲವಾಗುವುದು ಆಗಲೇ. ಮಳೆಗಾಲ ಮುಗಿದು ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಹೊತ್ತಿನಲ್ಲಿ ಹೊಸ ಬಣ್ಣ ಬಳಿದ ಮನೆಯನ್ನು ಎರಡು ಪಟ್ಟು ಅನುಮಾನದಿಂದ ನೋಡಿ. ಮಡ್ಡಿ (ಗಟ್ಟಿ ಕಲ್ಲುಮಣ್ಣಿನ) ನೆಲದ ಮೇಲಿನ ಮನೆಗೆ ಗೌಂಡಿ ಸಾಕು, ಜೊತೆಗೆ ಒಬ್ಬ ಎಲೆಕ್ಟ್ರಿಷಿಯನ್. ಬೆಳಗಾವಿಯ ಹಂಚಿನ ಮನೆಗೂ ಗೌಂಡಿಯೇ ಮೊದಲು, ಜುಲೈ-ಆಗಸ್ಟ್ ಮಳೆಯಲ್ಲೇ ಕರೆದೊಯ್ಯಿರಿ. ಕ್ಯಾಮೆರಾ ತಂಡ ಮೂರನೆಯದು. ಮೊದಲಿಬ್ಬರು ಸೋರಿಕೆ ಇದೆ ಎಂದು ಹೇಳಿ, ಎಲ್ಲಿಂದ ಎಂದು ಹೇಳಲಾರದಾದಾಗ ಮಾತ್ರ ಕರೆಸಿ.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ಒಂದೇ ಭೇಟಿಯಲ್ಲಿ ಯಾರಿಗೂ ತಿಳಿಯದು. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಅದು ಬಿರುಕಿನೊಳಗೆ ಹೋಗದಿದ್ದರೆ ಹೆಚ್ಚಾಗಿ ಗಿಲಾವಿನ ಸೀಳು. ಸಲೀಸಾಗಿ ಹೋದರೆ, ಬಿರುಕಿನ ಆಚೀಚೆ ಹಿಡಿಯುವಂತೆ ಎರಡು ಕಡೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಿಲ್ಲೆ ಹಚ್ಚಿ, ಪಕ್ಕದಲ್ಲಿ ತಾರೀಖು ಬರೆದು ಫೋಟೊ ತೆಗೆದಿಟ್ಟುಕೊಳ್ಳಿ. ಸಂಚಕಾರ ಪತ್ರದಲ್ಲಿ "ಈ ಬಿಲ್ಲೆಗಳು ಖರೀದಿ ದಿನದೊಳಗೆ ಒಡೆದರೆ ಸಂಚಕಾರ ಪೂರ್ತಿ ವಾಪಸ್" ಎಂಬ ಸಾಲನ್ನು ಫೋಟೊ ಸಮೇತ ಸೇರಿಸಲು ವಕೀಲರಿಗೆ ಹೇಳಿ. ಆ ಸಾಲಿಗೆ ಮಾರುವವರು ಒಪ್ಪದಿದ್ದರೆ ಪಾಯದ ಪಕ್ಕ ಗುಂಡಿ ತೋಡಿಸಿ ನೋಡದೆ ಮುಂದೆ ಹೋಗಬೇಡಿ.