ಹಳೆ ಇಟ್ಟಿಗೆಯ ದಾರಿ: ಸಂದಿಗೆ ಜಲ್ಲಿ ಪುಡಿಯೋ, ಗಾರೆಯೋ?

ನೆಲಕ್ಕೆ ಹಾಸುವ ಹೊಸ ಪೇವರ್ ಬ್ಲಾಕ್ ಆದರೆ ಎಲ್ಲ ಒಂದೇ ಅಳತೆ, 3 ಮಿ.ಮೀ. ಸಂದು ಬಿಟ್ಟು ಜೋಡಿಸಿಕೊಂಡು ಹೋಗಬಹುದು. ಹಳೆ ಇಟ್ಟಿಗೆ ಹಾಗಲ್ಲ. ಒಂದು ದಪ್ಪ, ಒಂದು ಸೊಟ್ಟ, ಇನ್ನೊಂದಕ್ಕೆ ಮೂಲೆಯೇ ಇಲ್ಲ. ಕೆಲವು ಕಡೆ ಸಂದು 10 ಮಿ.ಮೀ. ಆಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡಗಿನ ಮಳೆ ತಿಂಗಳು) ಮಳೆ ನುಗ್ಗುವುದು ಅಲ್ಲೇ.

ಸೋಮವಾರಪೇಟೆ ಹತ್ತಿರದ ನಮ್ಮ ತೋಟದಲ್ಲಿ ಕೆಡವಿದ ಲೈನ್ ಮನೆಯ (ಕೂಲಿಯವರ ಸಾಲು ಮನೆ) ಇಟ್ಟಿಗೆ ಇತ್ತು. ಮಣ್ಣಿನ ಗಾರೆಯ ಕಟ್ಟಡ, ಕತ್ತಿಯ ಬೆನ್ನಿನಿಂದ ತಟ್ಟಿದರೆ ಸಾಕು, ಇಟ್ಟಿಗೆ ಚೊಕ್ಕವಾಗುತ್ತಿತ್ತು. ಎರಡೆರಡು ಬಡಿದು ನೋಡಿ, ಠಣ್ ಅಂದದ್ದನ್ನು ಮಾತ್ರ ದಾರಿಗೆ ಇಟ್ಟುಕೊಂಡೆ. ಬೆಂದಿಲ್ಲದ ಇಟ್ಟಿಗೆ ಪಿಕಪ್ ಚಕ್ರದಡಿ ಪುಡಿಯಾಗುತ್ತದೆ. ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಹೆರಿಂಗ್‌ಬೋನ್‌ನಲ್ಲಿ, ಅಂದರೆ ಮೀನಿನ ಮುಳ್ಳಿನ ಹಾಗೆ ಅಡ್ಡಡ್ಡ ಜೋಡಿಸಿ, ಹಾಸಿದೆವು. ಎರಡೂ ಬದಿಗೆ ಕಾಂಕ್ರೀಟ್ ಅಂಚು. ಅದಿಲ್ಲದಿದ್ದರೆ ಸಂದಿಗೆ ಏನು ತುಂಬಿದರೂ ಇಟ್ಟಿಗೆ ಪಕ್ಕಕ್ಕೆ ಸರಿಯುತ್ತದೆ.

ಮಟ್ಟ ಜಾಗಕ್ಕೆ ಜಲ್ಲಿ ಪುಡಿ. ಕೆಳಗೆ 6 ಇಂಚು ಜಲ್ಲಿ ಬಡಿದು, ಮೇಲೆ 1 ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು). ಪುಡಿಯನ್ನು ಜರಡಿ ಹಿಡಿಯಲಿಲ್ಲ. ಅದರಲ್ಲಿರುವ ಚೂಪು ಚೂರುಗಳೇ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುವುದು. ಹೊಳೆ ಮರಳಿನ ಕಾಳು ದುಂಡಗೆ, ನೀರು ಬಂದರೆ ಉರುಳಿ ಹೋಗುತ್ತದೆ. ಮೊದಲ ಮಳೆಗಾಲ ಮುಗಿದಾಗ ಪುಡಿ ಅರ್ಧ ಇಂಚು ಇಳಿದಿತ್ತು. ಮತ್ತೆ ಗುಡಿಸಿ ತುಂಬಿದೆ, ಅಷ್ಟೇ ಕೆಲಸ. ನೀರು ನಿಲ್ಲುವುದಿಲ್ಲ. ಹುಲ್ಲು ಬರುತ್ತದೆ, ಕೀಳಬೇಕು.

ನಡುವಿನ ತುಂಡಿಗೆ ಮೇಸ್ತ್ರಿ ಹೇಳಿದಂತೆ ಸಿಮೆಂಟ್, ಎಂ-ಸ್ಯಾಂಡ್ ಒಣದಾಗಿ 1:6 ಬೆರೆಸಿ, ಸಂದಿಗೆ ಗುಡಿಸಿ, ನೀರು ಚಿಮುಕಿಸಿದೆವು. ಕೆಲಸ ಬೇಗ ಆಗುತ್ತದೆ, ಅದೊಂದೇ ಲಾಭ. ಮೇಲೊಂದು ಪದರ ಗಟ್ಟಿಯಾಯಿತು, ಒಳಗೆ ಪುಡಿ ಪುಡಿ. ಅದು ಬಿಸ್ಕತ್ತಿನ ಹಾಗೆ ಮುರಿದು ಎದ್ದು ಬಂತು. ಇಟ್ಟಿಗೆಯ ಮೇಲೆ ಬೂದು ಕಲೆ ಬೇರೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೀಗೆ ಮಾಡಿ ಎಂದು ಯಾರಿಗೂ ಹೇಳಲಾರೆ.

ಗೇಟಿನ ಏರಿಗೆ ಮಾತ್ರ 1:4 ಸಿಮೆಂಟ್ ಗಾರೆ. ಅಲ್ಲಿ ಪುಡಿ ಒಂದೇ ಮಳೆಗೆ ರಸ್ತೆ ಸೇರುತ್ತಿತ್ತು. ಕೆಳಗೆ 4 ಇಂಚು ಕಾಂಕ್ರೀಟ್ ಹಾಕಿಸಿದೆ, ಖರ್ಚು ಜಾಸ್ತಿ. ಆದರೆ ಅದನ್ನು ಬಿಡೋ ಹಾಗಿಲ್ಲ. ಪಕ್ಕದ ತೋಟದವರು ಬರೀ ಮರಳಿನ ಮೇಲೆ ಗಾರೆ ಮಾಡಿಸಿದ್ದಾರೆ. ಚಕ್ರ ಓಡುವಲ್ಲಿ ಎರಡು ಉದ್ದ ಬಿರುಕು, ಜೀಪು ಹೋದಾಗ ಅಲ್ಲಿಂದ ಕೆಸರು ನೀರು ಚಿಮ್ಮುತ್ತದೆ. ತಳ ಅಲುಗಿದರೆ ಗಾರೆ ಒಡೆಯಲೇಬೇಕು, ಅಲ್ವಾ? ಇಟ್ಟಿಗೆಯನ್ನು ಮೊದಲೇ ನೆನೆಸಿರಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಹೀರುತ್ತದೆ. ಸಂದಿ ತುಂಬುವಾಗ ಚೆಲ್ಲಿದ್ದನ್ನು ಆಗಲೇ ಒದ್ದೆ ಗೋಣಿಯಿಂದ ಒರೆಸಿಬಿಡಿ.

ಪಾಚಿ ಮಾತ್ರ ಮೂರು ಕಡೆಯೂ ಬರುತ್ತದೆ. ಸಿಲ್ವರ್ ಓಕ್ ನೆರಳಿದ್ದರೆ ಇನ್ನೂ ಜಾಸ್ತಿ. ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜುವುದೇ ದಾರಿ.

ನಡುವಿನ ತುಂಡನ್ನು ಈ ಬೇಸಿಗೆಗೆ ಕೀಳಿಸಿ ಜಲ್ಲಿ ಪುಡಿ ತುಂಬಿಸುತ್ತೇನೆ.